ಚೆನ್ನರಾಯಪ್ಪನ ಒಂದೇ ಮುದ್ದೆ

ಮುರುಗಮಲ್ಲದ ಬಸ್ ಸ್ಟಾಪಿನ ಹತ್ತಿರ ಪಂಕ್ಚರ್ ಅಂಗಡಿ ಇಟ್ಟಿರುವ ಚೆನ್ನರಾಯಪ್ಪನಿಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ನಿಂತರೆ ಅಂಗಾಲು ಉರಿ, ಕೂತರೆ ತಲೆಯೊಳಗೆ ಉರಿ. ಸಕ್ಕರೆ ಕಾಯಿಲೆ ಹಳೆಯದು. ಕಾಲಿನ ಹೆಬ್ಬೆರಳಿಗೆ ತಂತಿ ಚುಚ್ಚಿದ ಗಾಯ ಮಾತ್ರ ಹೊಸದು, ಅದು ಮಾಯುತ್ತಲೇ ಇರಲಿಲ್ಲ. "ಸಕ್ಕರೆ ಇಳೀದಿದ್ರೆ ಬೆರಳು ಉಳಿಯೋದು ಕಷ್ಟ" ಎಂದು ಡಾಕ್ಟರು ಹೇಳಿದ್ದು ಟ್ಯೂಬಿಗೆ ಗಾಳಿ ಹಾಕುವಾಗಲೂ ಕಿವಿಯಲ್ಲಿ ಬುಸುಗುಟ್ಟುತ್ತಿತ್ತು.

ಮಗಳು ಮೌನಿಕಾ ಅವನನ್ನು ಫೋನಿನ ಒಂದು ಆರೋಗ್ಯ ಕಾರ್ಯಕ್ರಮಕ್ಕೆ ಸೇರಿಸಿದ್ದಳು. ಏನು ತಿಂದಿರಿ ಎಂದು ಫೋನು ಕೇಳುತ್ತದೆ. ತಿಂದದ್ದು ಮಿತಿಯಲ್ಲಿದ್ದರೆ ಹಸಿರು ಗುರುತು ಬರುತ್ತದೆ. ವಾರಕ್ಕೊಮ್ಮೆ ಸೇರಿದವರೆಲ್ಲ ವಿಡಿಯೋದಲ್ಲಿ ಕಷ್ಟಸುಖ ಮಾತಾಡುತ್ತಾರೆ.

ಚೆನ್ನರಾಯಪ್ಪ ಸುಳ್ಳು ಹೇಳುವವನಲ್ಲ. ಬೆಳಿಗ್ಗೆ "ಒಂದು ಮುದ್ದೆ" ಎಂದು ಒತ್ತಿದ, ಹಸಿರು. ಸಂಜೆ "ಒಂದು ಮುದ್ದೆ", ಮತ್ತೆ ಹಸಿರು. ಫೋನಿನ ತುಂಬ ಪೈರು ಬೆಳೆದ ಹಾಗಿತ್ತು. ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಒಂದು ಚೂರೂ ಇಳಿದಿರಲಿಲ್ಲ.

"ನಾನ್ ಹೇಳ್ಲಿಲ್ವಾ," ಎಂದಳು ಹೆಂಡತಿ ಅನಸೂಯಮ್ಮ. "ಫೋನಿಗೆ ಹೊಟ್ಟೆ ಐತಾ? ಹಸಿವೇ ಗೊತ್ತಿಲ್ದಿರೋದು ನಿಂಗೆ ಊಟ ಕಲಿಸ್ತದಾ?"

"ಇವತ್ತು ಮೀಟಿಂಗ್ ಐತೆ. ನಾಲ್ಕು ಮಾತು ಅಂದು ಆಚೆ ಬಂದ್ಬಿಡ್ತೀನಿ. ಮಾತ್ರೆನೂ ಬಿಟ್ಟಾಕ್ತೀನಿ. ಯಾವ್ದೂ ಕೆಲ್ಸ ಮಾಡ್ತಿಲ್ಲ."

"ಮಾತ್ರೆ ತಂಟೆಗೆ ಹೋಗ್ಬೇಡಪ್ಪಾ," ಎಂದಳು ಮೌನಿಕಾ. "ಮೊದ್ಲು ಕೂತ್ಕೊ. ನೀನು ಹಿಂಗೆ ಓಡಾಡಿದ್ರೆ ವಿಡಿಯೋದಲ್ಲಿ ಇರೋರಿಗೆಲ್ಲಾ ತಲೆ ತಿರುಗ್ತದೆ."

ಅವನು ಕೂರಲಿಲ್ಲ. ಕಾರ್ಯಕ್ರಮದಲ್ಲಿ ಊಟದ ಕ್ರಮ ತಿಳಿಸಿಕೊಡುವ ಹರಿಣಿ ಮೇಡಂ ಮುಖ ಫೋನಿನಲ್ಲಿ ಕಂಡದ್ದೇ ಶುರು ಮಾಡಿದ. "ಒಂದೇ ಮುದ್ದೆ ಮೇಡಂ ನಾನ್ ತಿನ್ನೋದು. ನಿಮ್ ಫೋನು ಭೇಷ್ ಅಂತದೆ, ನನ್ ರಕ್ತ ಥೂ ಅಂತದೆ. ಬೇಕಿದ್ರೆ ನೋಡ್ಕೊಳಿ." ಬಡಿಸಿಟ್ಟಿದ್ದ ತಟ್ಟೆಯತ್ತ ಫೋನು ತಿರುಗಿಸಿದ.

ಅನಸೂಯಮ್ಮನ ಮುದ್ದೆ ಅಂದರೆ ಸಾಮಾನ್ಯವಲ್ಲ. ಒಮ್ಮೆ ಅದು ತಟ್ಟೆಗೆ ಬಿದ್ದ ಸದ್ದಿಗೆ ಚಿಂತಾಮಣಿ ಬಸ್ಸು ಗಕ್ಕನೆ ನಿಂತು, ಟೈರು ಸಿಡಿಯಿತೇನೋ ಎಂದು ಡ್ರೈವರು ಇಳಿದು ಸುತ್ತು ಹಾಕಿದ್ದನಂತೆ. ಅದರ ಮರೆಯಲ್ಲಿ ಸಾರಿನ ಬಟ್ಟಲು ಯಾರಿಗೂ ಕಾಣುತ್ತಿರಲಿಲ್ಲ.

ವಿಡಿಯೋದಲ್ಲಿ ಎಲ್ಲರೂ ಮುಖ ಹತ್ತಿರ ತಂದು ನೋಡಿದರು. ಅವನಂತೆಯೇ ಸೇರಿದ್ದ ಗೌರಿಬಿದನೂರಿನ ಮುನಿಗಂಗಮ್ಮ ಕನ್ನಡಕ ಸರಿಮಾಡಿಕೊಂಡಳು.

"ಅಣ್ಣಾ, ಅದು ಮುದ್ದೆನಾ? ನಮ್ಮನೇಲಿ ಅದನ್ನ ಮೂರು ಜನ ತಿಂದು ಕೋಳಿಗೂ ಹಾಕ್ತೀವಿ."

"ಎಷ್ಟಾದ್ರೂ ಒಂದೇ ಅಲ್ವಾ ತಾಯಿ?"

"ನಾನೂ ಹಂಗೇ ಒಂದು, ಒಂದು ಅಂತ ಒತ್ತಿ ಮೋಸ ಹೋದೆ ಕಣಣ್ಣಾ. ಈಗ ಮುಷ್ಟಿಯಷ್ಟು ಮುದ್ದೆ, ಅರ್ಧ ತಟ್ಟೆ ಸೊಪ್ಪು, ಜೊತೆಗೆ ಕಾಳು. ಮೊದಮೊದ್ಲು ಹೊಟ್ಟೆ ಜಗಳ ಆಡ್ತು. ಆಮೇಲೆ ಒಗ್ಗಿಕೊಳ್ತು."

ಹರಿಣಿ ಹೇಳಿದಳು: "ತಪ್ಪು ನಮ್ದೂ ಇದೆ ಅಣ್ಣಾ. ಎಷ್ಟು ಮುದ್ದೆ ಅಂತ ಕೇಳಿದ್ವಿ, ಎಷ್ಟು ದಪ್ಪ ಅಂತ ಕೇಳ್ಲಿಲ್ಲ. ಮಾತ್ರೆ ಮಾತ್ರ ಬಿಡ್ಬೇಡಿ. ಊಟ ಕಮ್ಮಿ ಮಾಡೋದನ್ನ ಡಾಕ್ಟರಿಗೆ ಹೇಳಿ, ಮಾತ್ರೆ ಎಷ್ಟು ಅಂತ ಅವರೇ ನೋಡ್ತಾರೆ. ನಾಳೆನೇ ಗಾಯ ತೋರಿಸಿ. ಗಾಯನ ಫೋನು ವಾಸಿ ಮಾಡಲ್ಲ."

ಚೆನ್ನರಾಯಪ್ಪ ಈಗ ಕೂತ. ಅನಸೂಯಮ್ಮ ಕೈ ಒದ್ದೆ ಮಾಡಿಕೊಂಡು ಮುದ್ದೆ ಮುರಿಯತೊಡಗಿದಳು. "ನೀನು ಸೊರಗ್ತಿದ್ದೆ ಅಂತ ನಾನು ದಪ್ಪ ಮಾಡ್ತಾ ಹೋದೆ ಕಣಯ್ಯಾ," ಎಂದಳು ಮೆಲ್ಲಗೆ.

ಆಮೇಲಿನ ವಾರಗಳು ಸುಲಭವಾಗಿರಲಿಲ್ಲ. ಮುಷ್ಟಿಯಷ್ಟು ಮುದ್ದೆ ಸಾಲದೆ ಅವನು ಅಂಗಡಿಗೂ ಅಡುಗೆಮನೆಗೂ ಅಲೆದ, ಸಾರಿನ ಪಾತ್ರೆಯ ಮುಚ್ಚಳದ ಮೇಲೂ ರೇಗಿದ. ಮಾತ್ರೆ ನುಂಗುವುದನ್ನೂ ಆಸ್ಪತ್ರೆಗೆ ಹೋಗಿ ಗಾಯಕ್ಕೆ ಕಟ್ಟು ಹಾಕಿಸಿಕೊಳ್ಳುವುದನ್ನೂ ಮಾತ್ರ ತಪ್ಪಿಸಲಿಲ್ಲ. ಸಕ್ಕರೆ ನಿಧಾನಕ್ಕೆ ಇಳಿಯಿತು, ಗಾಯ ಒಣಗಿತು. "ಬೆರಳು ಉಳೀತು" ಎಂದರು ಡಾಕ್ಟರು.

ಅವತ್ತು ಅನಸೂಯಮ್ಮ ಮಗಳ ಮುಂದೆ ತನ್ನ ಫೋನು ಚಾಚಿದಳು. "ನನ್ನೂ ಸೇರ್ಸು. ಆ ಗೌರಿಬಿದನೂರಿನ ಅಮ್ಮ ಸೊಪ್ಪಿಗೆ ಏನ್ ಹಾಕ್ತಾಳೋ ಕೇಳ್ಬೇಕು."

ಅಕ್ಕಂದಿರೇ, ಅಣ್ಣಂದಿರೇ, ಇಂಥ ಕಾರ್ಯಕ್ರಮ ನಿಮ್ಮ ಫೋನಿನಲ್ಲೂ ಇದ್ದರೆ ಸೇರಿಕೊಳ್ಳಿ. ಸಂಕೋಚ ಬಿಟ್ಟು ತಟ್ಟೆ ತೋರಿಸಿ, ಬೇರೆಯವರ ಅನುಭವ ಕೇಳಿ. ಹಸಿರು ಗುರುತೊಂದನ್ನೇ ನಂಬಿ ಕೂರಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಸಕ್ಕರೆ ಕಾಯಿಲೆ ಇದ್ದವರು ಇದನ್ನು ಕೆಳಗಿಟ್ಟು, ಈಗಲೇ ಒಮ್ಮೆ ಬಗ್ಗಿ ನಿಮ್ಮ ಎರಡೂ ಅಂಗಾಲು, ಕಾಲ್ಬೆರಳು ನೋಡಿಕೊಳ್ಳಿ. ಗಾಯ ಕಂಡರೆ ಇವತ್ತೇ ಆಸ್ಪತ್ರೆಗೆ ಹೊರಡಿ.