ಹನ್ನೊಂದು ಸೊಸೆಯರ ಗಂಗೆ

ನಿಖತ್ ವಕೀಲರ ಮೇಜಿನ ಮೇಲಿದ್ದದ್ದು ತಮ್ಮ ಮನೆಯದೇ ಪುಸ್ತಕ ಎಂದು ದ್ರಾಕ್ಷಾಯಣಮ್ಮನಿಗೆ ಬಾಗಿಲಲ್ಲೇ ಗೊತ್ತಾಯಿತು. ಅರಿಶಿನ ಬಣ್ಣದ ರಟ್ಟು, ಮೇಲೆ ಮಾವನವರ ಪೇಟದ ಫೋಟೊ. ಹೋದ ವರ್ಷ ಮಾವನವರ ನೂರನೇ ಹುಟ್ಟುಹಬ್ಬದ ನೆನಪಿಗೆ ಗಂಡ ಬಕ್ಕೇಶಪ್ಪನೇ ಕೂತು ಬರೆದು ಅಚ್ಚು ಹಾಕಿಸಿದ್ದು. ಮನೆತನದ ಹಿರಿಯರು, ಕೊಕ್ಕನೂರಿನ ಜಮೀನು, ಯಾರ ಮದುವೆ ಯಾವತ್ತು ಆಯಿತು, ಎಲ್ಲ ಅದರಲ್ಲಿತ್ತು. ಐನೂರು ಪ್ರತಿಯಲ್ಲಿ ನಾನೂರು ಆತನ ಕೈಯಿಂದಲೇ ಹಂಚಿಹೋಗಿದ್ದವು. ಮನೆಗೆ ಬಂದವರು ನೀರು ಕುಡಿಯದೆ ಹೋಗಬಹುದಿತ್ತು, ಪುಸ್ತಕ ತಗೊಳ್ಳದೆ ಹೋಗುವಂತಿರಲಿಲ್ಲ.

"ಕೂಡ್ರಿ ಕಾಕಾ, ಕೂಡ್ರಿ ಅಮ್ಮಾರೆ," ಎಂದಳು ನಿಖತ್. ಮೂವತ್ತೈದರ ಹೆಂಗಸು. ದಾವಣಗೆರೆ ಕೋರ್ಟಿನ ಹಿಂದಿನ ಓಣಿಯಲ್ಲಿ ಅವಳ ಆಫೀಸು. "ಈ ಪುಸ್ತಕ ಅಣು ಸ್ಥಾವರದೋರ ಕೈಗೆ ಹೆಂಗೆ ಹೋತು?"

ಬಕ್ಕೇಶಪ್ಪ ನೆನಪು ಮಾಡಿಕೊಂಡ. "ಸರ್ವೇಕ್ಕಂತ ಇಬ್ರು ಹುಡುಗ್ರು ಬಂದಿದ್ರು. ನಮ್ಮ ಊರಿನ ಪದ್ಧತಿ ಎಲ್ಲ ಕೇಳಿದ್ರು. ಉಪ್ಪಿಟ್ಟು ತಿಂದು ಹೋಗೋ ಮುಂದೆ ಕೊಟ್ಟೆ. ಯಾಕ?"

"ನೀವು ಕೊಟ್ಟ ಪುಸ್ತಕ ನಿಮ್ಮ ಕೇಸಿನ ಮೇಲೇ ಬಂದು ಕುಂತೈತೆ. ಅದಕ್ಕೆ."

ಅವರ ಊರಿನ ಪಕ್ಕ, ನಂದಿಗುಡಿ ಕಡೆಯ ಹೊಳೆದಂಡೆಯಲ್ಲಿ ಅಣು ವಿದ್ಯುತ್ ಸ್ಥಾವರ ಕಟ್ಟಲು ಪರಿಸರ ಅನುಮತಿ ಸಿಕ್ಕಿತ್ತು. ಆ ಅನುಮತಿಯ ವಿರುದ್ಧ ಚೆನ್ನೈನ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಿದ ಇಪ್ಪತ್ತಾರು ಜನರಲ್ಲಿ ಮೊದಲನೇ ಹೆಸರು ಬಕ್ಕೇಶಪ್ಪನದು. ವಾದವೆಲ್ಲ ನಿಂತಿದ್ದು ಒಂದೇ ಮಾತಿನ ಮೇಲೆ. ಸ್ಥಾವರವನ್ನು ತಣ್ಣಗಿಡಲು ಹಗಲೂ ರಾತ್ರಿ ಹೊಳೆಯ ನೀರು ಬೇಕು. ಬೇಸಿಗೆಯಲ್ಲೂ ಅಲ್ಲಿ ಹೊಳೆ ಹರಿಯುತ್ತದೆ ಎಂದು ವರದಿ ಹೇಳುತ್ತದೆ. ಹರಿಯುವುದಿಲ್ಲ ಎಂದು ಊರಿನವರು ಹೇಳುತ್ತಾರೆ.

"ಸ್ಥಾವರ ಒಳ್ಳೇದೋ ಕೆಟ್ಟದೋ ಅಂತ ನಾವು ಕೇಳಿಲ್ಲ. ಕರೆಂಟು ಎಲ್ಲರಿಗೂ ಬೇಕು," ಎಂದಳು ನಿಖತ್. "ಏಪ್ರಿಲ್-ಮೇ ತಿಂಗಳಾಗೆ ಆ ಜಾಗದಾಗೆ ಹೊಳೆ ಇರ್ತತೋ ಇಲ್ಲೋ, ಅಷ್ಟೇ ಪ್ರಶ್ನೆ. ಅದಕ್ಕೆ ಅವರ ಜವಾಬು ನೋಡ್ರಿ." ಕಾಗದ ಎತ್ತಿಕೊಂಡು ಕನ್ನಡದಲ್ಲಿ ಹೇಳುತ್ತಾ ಹೋದಳು. ಮೊದಲನೇ ಅರ್ಜಿದಾರರೇ ಪ್ರಕಟಿಸಿದ ಪುಸ್ತಕದ ಪ್ರಕಾರ, ಅವರ ಮನೆತನಕ್ಕೆ ಬಂದ ಹೊಸ ಸೊಸೆಯರು ಮದುವೆಯ ಮರುದಿನ ಹೊಳೆಯಿಂದ ಗಂಗೆ ತರುವ ಪದ್ಧತಿ ಇದೆ. ಅರವತ್ತು ವರ್ಷಗಳಲ್ಲಿ ಹನ್ನೊಂದು ಸಲ ಈ ನೀರು ತಂದದ್ದು ಏಪ್ರಿಲ್, ಮೇ ತಿಂಗಳಲ್ಲೇ. ಹನ್ನೊಂದು ಸಲವೂ 'ತುಂಬಿ ಹರಿಯುವ ಹೊಳೆಯಿಂದ' ಎಂದು ಅವರೇ ಬರೆದಿದ್ದಾರೆ.

ಬಕ್ಕೇಶಪ್ಪ ಕನ್ನಡಕ ತೆಗೆದು ಒರೆಸಿದ. "ಅದು ಓದಾಕೆ ಚೆನ್ನಾಗಿರ್ಲಿ ಅಂತ ಬರ್ದಿದ್ದು."

"ಜಡ್ಜ್ ಸಾಹೇಬ್ರೂ ಓದೇ ಓದ್ತಾರೆ."

"ಒಂದು ಕೊಡ ನೀರಿಗೆ ಹೊಳೆ ತುಂಬಿ ಹರೀಬೇಕೇನ್ರಿ? ಗುಂಡಿಯಾಗೆ ಇಷ್ಟು ನಿಂತಿದ್ರೂ ಸಾಕು. ನಮ್ಮ ಮನೆಯಾಗೆ ಹೊಳೆನೀರು ತಪ್ಪಿಲ್ಲ. ಅದು ಮಾತ್ರ ಸತ್ಯ."

"ನೀವು ಕಣ್ಣಾರೆ ಕಂಡೀರಾ?"

"ಅಲ್ಲಿಗೆ ಗಂಡಸರು ಹೋಗಂಗಿಲ್ಲ. ಹೊಸ ಸೊಸಿ, ಐದು ಜನ ಮುತ್ತೈದೇರು, ಅಷ್ಟೇ. ಬರೋವಾಗ ದಾರಿಯಾಗೆ ಮಾತೂ ಆಡಂಗಿಲ್ಲ."

ನಿಖತ್‌ಳ ಕಣ್ಣು ಆತನನ್ನು ಬಿಟ್ಟು ದ್ರಾಕ್ಷಾಯಣಮ್ಮನ ಮೇಲೆ ಬಂದು ನಿಂತಿತು. ದ್ರಾಕ್ಷಾಯಣಮ್ಮ ತೊಡೆಯ ಮೇಲಿನ ಚೀಲದ ಹಿಡಿಯನ್ನು ಸರಿಮಾಡಿಕೊಂಡಳು.

"ಶುಕ್ರವಾರದೊಳಗೆ ನಾವು ಉತ್ತರ ಹಾಕ್ಬೇಕು," ಎಂದಳು ನಿಖತ್. ಅದನ್ನು ಯಾರಿಗೆ ಹೇಳಿದಳೆಂದು ಬಕ್ಕೇಶಪ್ಪನಿಗೆ ಗೊತ್ತಾಗಲಿಲ್ಲ.

*

ಮನೆಗೆ ಹೋಗುವ ದಾರಿಯುದ್ದಕ್ಕೂ ಆತ ಉಪ್ಪಿಟ್ಟು ತಿಂದ ಆ ಇಬ್ಬರನ್ನು ಬೈದ. ದ್ರಾಕ್ಷಾಯಣಮ್ಮ ಕಾರಿನ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ಅವಳ ಕಣ್ಣ ಮುಂದೆ ಬರೀ ಮರಳು ಇತ್ತು.

ತೊಂಬತ್ತೆರಡರ ಮೇ ತಿಂಗಳು. ಹೊಸ ಸೀರೆ, ಹೊಸ ಕಾಲುಂಗುರ, ಸೊಂಟದಲ್ಲಿ ತಾಮ್ರದ ಕೊಡ, ಅದರ ಮೇಲೆ ಹಸಿರು ರವಿಕೆ ಕಣ. ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ದಂಡೆ ಇಳಿದರೆ ಹೊಳೆಯೇ ಇರಲಿಲ್ಲ. ಮರಳು, ಮರಳಿನ ಮೇಲೆ ಲಾರಿಯ ಗಾಲಿ ಗುರುತು, ದೂರದಲ್ಲೊಂದು ಹಸಿರು ಗುಂಡಿ, ಅದರೊಳಗೆ ಎರಡು ಎಮ್ಮೆ. ಅತ್ತೆ ನೀಲಕ್ಕ ಅಷ್ಟು ಹೊತ್ತು ನಿಂತು ನೋಡಿ, ಏನೂ ಆಗಿಲ್ಲ ಎಂಬಂತೆ ಹಿಂದಕ್ಕೆ ತಿರುಗಿದಳು. ದಾರಿ ಪಕ್ಕದ ಸೂರಪ್ಪನ ಹೊಲದಲ್ಲಿ ಬೋರು ಓಡುತ್ತಿತ್ತು. ಅಲ್ಲಿ ಕೊಡ ತುಂಬಿತು. ಸೂರಪ್ಪನ ಹೆಂಡತಿ ಗಿರಿಯಮ್ಮ ಪೈಪಿಗೆ ಕುಂಕುಮ ಹಚ್ಚಿದಳು. ಹೊರಡುವಾಗ ನೀಲಕ್ಕ ಹೇಳಿದ್ದು ಒಂದೇ ಮಾತು. "ಮನೆ ಮುಟ್ಟೋ ತನಕ ಮಾತಾಡಂಗಿಲ್ಲ ಅಂತ ಐತಲ್ಲ, ಮುಟ್ಟಿದ ಮ್ಯಾಲೂ ಆಡಬ್ಯಾಡ್ರಿ."

ಮುಂದಿನ ವರ್ಷ ಐದು ತಿಂಗಳಿಗೆ ಅವಳ ಮೊದಲನೇ ಬಸಿರು ಇಳಿದುಹೋಯಿತು. ಡಾಕ್ಟರು ಏನೋ ಕಾರಣ ಹೇಳಿದರು. ಆಸ್ಪತ್ರೆಯ ಮಂಚದ ಮೇಲೆ ಮಲಗಿ ದ್ರಾಕ್ಷಾಯಣಮ್ಮ ಯೋಚಿಸಿದ್ದು ಆ ಬೋರಿನ ನೀರನ್ನು. ಹೊಳೆ ಒಲ್ಲೆನೆಂದ ಸೊಸೆ ತಾನು. ಸುಳ್ಳು ನೀರಿನಿಂದ ಮನೆ ತುಂಬಿದವಳು. ಆಮೇಲೆ ಪ್ರಶಾಂತ ಹುಟ್ಟಿದ, ಬೆಳೆದ, ಹರಿಹರದಲ್ಲಿ ಅಂಗಡಿ ಇಟ್ಟ. ಆದರೂ ಮನೆಯಲ್ಲಿ ಹಾಲು ಒಡೆದರೂ ಸರಿ, ಯಾರಿಗಾದರೂ ಜ್ವರ ಬಂದರೂ ಸರಿ, ಆ ಕೊಡ ಒಂದು ಸಲ ಅವಳ ಸೊಂಟಕ್ಕೆ ಬಂದು ಕೂತು ಹೋಗುತ್ತಿತ್ತು.

ಎರಡು ವರ್ಷದ ಹಿಂದೆ ಪ್ರಶಾಂತನ ಮದುವೆ ಏಪ್ರಿಲ್‌ನಲ್ಲಿ ಗೊತ್ತಾದಾಗ ಅವಳು ಒಳಗೊಳಗೇ ಹಟ ತೊಟ್ಟಿದ್ದಳು. ನೀಲಕ್ಕ ಈಗ ವಿಧವೆ, ಮುತ್ತೈದೆಯರ ಮುಂದೆ ಹೋಗಬೇಕಾದವಳು ತಾನೇ. ಸೊಸೆ ಕೃತಿಕಾಳಿಗೆ ಖರೇ ಹೊಳೆಯ ನೀರೇ ಆಗಬೇಕು. ದಂಡೆ ಇಳಿದರೆ ಮತ್ತೆ ಅದೇ ಮರಳು. ವರತೆ ತೋಡಲು ಕೂತರು. ಮೊಳಕೈ ಮುಳುಗುವಷ್ಟು ತೋಡಿದರೂ ಬರೀ ತಂಪು ಮರಳು ಬಂತು. ಬಿಸಿಲು ಏರಿತು. ಮನೆಯಲ್ಲಿ ಸ್ವಾಮಿಗಳು ಕಾಯುತ್ತಿದ್ದರು. ದ್ರಾಕ್ಷಾಯಣಮ್ಮ ಎದ್ದು ಕೈ ಝಾಡಿಸಿಕೊಂಡು ಸೂರಪ್ಪನ ಬೋರಿನ ಕಡೆ ನಡೆದಳು. ಕೃತಿಕಾ ಏನೋ ಕೇಳಲು ಬಾಯಿ ತೆರೆದಾಗ, ದ್ರಾಕ್ಷಾಯಣಮ್ಮನ ಬಾಯಿಂದ ಬಂದದ್ದು ನೀಲಕ್ಕನ ಅದೇ ಮಾತು, ಅಕ್ಷರ ತಪ್ಪದೆ.

ಈಗ ಕೃತಿಕಾಳಿಗೆ ಐದು ತಿಂಗಳು.

*

ನೀಲಕ್ಕ ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ತೊಗರಿಬೇಳೆ ಆರಿಸುತ್ತಿದ್ದಳು. ಎಂಬತ್ತಾರು ವರ್ಷ, ಕಣ್ಣು ಮಂಜು. ಆದರೂ ಕಲ್ಲು ಬೆರಳಿಗೆ ಸಿಗುತ್ತಿತ್ತು. ದ್ರಾಕ್ಷಾಯಣಮ್ಮ ಎದುರಿಗೆ ಕೂತು ವಕೀಲರ ಆಫೀಸಿನಲ್ಲಿ ಆದದ್ದನ್ನೆಲ್ಲ ಹೇಳಿದಳು.

"ಅವನು ಬರೆಯೋ ಮುಂದೆ ನನ್ನ ಕೇಳಿದ್ನಾ?" ಎಂದಳು ನೀಲಕ್ಕ. "ತುಂಬಿ ಹರಿಯೋ ಹೊಳಿಯಂತೆ. ಅವನ ಅಪ್ಪನೂ ಹಿಂಗೇ. ನೋಡದೇ ಇದ್ದಿದ್ದನ್ನ ಭಾಳ ಚೆಂದ ಹೇಳೋರು."

"ಈಗ ನಾನು ಹೇಳ್ಬೇಕು, ಅತ್ತಿ. ಆಣೆ ಮಾಡಿ ಬರ್ದು ಕೊಡ್ಬೇಕು. ನಂದು, ಕೃತಿಕಾಂದು, ಎರಡು ಮದುವಿ ಲೆಕ್ಕ ಸಾಲದು. ಹನ್ನೊಂದೂ ನಿಮಗೇ ಗೊತ್ತಿರೋದು."

ನೀಲಕ್ಕನ ಬೆರಳು ನಿಂತಿತು. "ಬ್ಯಾಡ. ಸತ್ತೋರ ಮುಂದೆ ನನ್ನ ಸುಳ್ಳಿ ಮಾಡಬ್ಯಾಡ. ನಿಮ್ಮ ಮಾವ ಹೋಗೋ ತನಕ ನಾನು ಹೊಳಿನೀರು ಅಂತಾನೇ ಹೇಳೀನಿ. ಕಚೇರಿಯಾಗೆ ಪೇಪರ್‌ನಾಗೆ ಅದೆಲ್ಲ ಬಂದ್ರೆ ಬೀಗರು ಏನಂದಾರು? ಒಂದು ಕೊಡ ನೀರು ತರಾಕೆ ಆಗಲಿಲ್ಲ ಈ ಮನಿ ಹೆಂಗಸರಿಗೆ ಅಂತಾರೆ."

"ನೀರು ಇರಲಿಲ್ಲಲ್ಲ, ಅತ್ತಿ."

"ಇರಲಿಲ್ಲ ಅಂತ ಬರಿಗೊಡ ತರ್ತಿದ್ಯಾ?"

ದ್ರಾಕ್ಷಾಯಣಮ್ಮ ಮೊರದಿಂದ ಒಂದು ಬೇಳೆ ಎತ್ತಿಕೊಂಡು ಉಗುರಿನಿಂದ ಒತ್ತಿದಳು. ಯಾಕೆ ಈಗ ಬಾಯಿಗೆ ಬಂತೋ ಅವಳಿಗೇ ತಿಳಿಯಲಿಲ್ಲ. "ನನ್ನ ಮೊದಲನೇದು ಹೋತಲ್ಲ. ಅದು ಆ ಬೋರಿನ ನೀರಿಂದಲೇ ಹೋತು ಅನ್ಕೊಂಡಿದ್ದೆ."

"ಯಾವಾಗ?"

"ಯಾವಾಗಲೂ. ಮೊನ್ನಿ ಮೊನ್ನಿ ತನಕ."

ನೀಲಕ್ಕ ಮೊರವನ್ನು ಪಕ್ಕಕ್ಕೆ ಸರಿಸಿದಳು. ಸೊಸೆಯ ಮುಖ ಸರಿಯಾಗಿ ಕಾಣುವಷ್ಟು ಹತ್ತಿರ ಬಗ್ಗಿದಳು. "ಮೂವತ್ತು ವರ್ಷ ಅದನ್ನ ಹೊತ್ಕಂಡು ತಿರುಗಿದ್ಯಾ? ಬಾವಿ ನೀರು ತಂದ ಸೊಸೇರಿಗೂ ಮಕ್ಕಳಾಗಿಲ್ವಾ? ಒಂದು ಮಾತು ಕೇಳಬಾರ್ದಿತ್ತಾ?"

"ಮಾತಾಡಬ್ಯಾಡ ಅಂದಿದ್ರಿ."

ಬೀದಿಯಲ್ಲಿ ಮಂಡಕ್ಕಿ ಮಾರುವವನು ಕೂಗಿಕೊಂಡು ಹೋದ. ಆಗ ಅಡುಗೆಮನೆ ಬಾಗಿಲಿನಿಂದ ಇನ್ನೊಂದು ದನಿ ಬಂತು. ಕೃತಿಕಾ. ಕೈಯಲ್ಲಿ ಕಾಫಿ ತಟ್ಟೆ ಇತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಅತ್ತೆ, ಹಂಗಾದ್ರೆ ಆ ನೀರಿಂದ ಏನೂ ಆಗಲ್ವಾ?"

ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳುವ ಹುಡುಗಿ ಅವಳು. ಮೊನ್ನೆ ಸ್ಕ್ಯಾನಿಂಗ್‌ನಲ್ಲಿ ಎಲ್ಲ ಸರಿಯಿದೆ ಎಂದ ಮೇಲೂ ಡಾಕ್ಟರನ್ನು ಮೂರು ಸಲ ಕೇಳಿದ್ದಳು. ಯಾಕೆ ಇಷ್ಟು ಅಂಜುತ್ತಾಳೆ ಎಂದು ದ್ರಾಕ್ಷಾಯಣಮ್ಮ ಅಂದುಕೊಂಡಿದ್ದಳು. ಈಗ ಗೊತ್ತಾಯಿತು. ತಾನು ಆ ಬೆಳಿಗ್ಗೆ ಕೊಟ್ಟದ್ದು ಬರೀ ಕೊಡವಲ್ಲ.

ಅವಳು ಎದ್ದು ತಟ್ಟೆ ಇಸಿದುಕೊಂಡಳು. "ಏನೂ ಆಗಲ್ಲ. ಅದು ಕುಡಿಯೋ ನೀರು, ಅಷ್ಟೇ. ನಿನಗೆ ಅವತ್ತೇ ಹೇಳ್ಬೇಕಿತ್ತು, ನಾನು ಹೇಳಲಿಲ್ಲ."

ಕೃತಿಕಾ ಗೋಡೆಗೆ ಒರಗಿ ಕೂತಳು. ಸಿಟ್ಟು ಬಂದಿತ್ತು, ಕಣ್ಣಲ್ಲಿ ನೀರೂ ಇತ್ತು. "ನಾನೇ ಹೊಳೆಗೆ ಬ್ಯಾಡಾಗಿದ್ದೀನೇನೋ ಅಂತ, ಅತ್ತೆ... ಓದಿದೋಳು ನಾನು, ಯಾರಿಗೆ ಹೇಳ್ಲಿ?"

ನೀಲಕ್ಕ ಮೊರವನ್ನು ಮತ್ತೆ ಎಳೆದುಕೊಂಡಳು. ಬೇಳೆಯನ್ನು ಒಂದೊಂದಾಗಿ ಬೇರೆ ಮಾಡಿ ಸಾಲಾಗಿ ಇಡತೊಡಗಿದಳು.

"ಬರ್ಕೋರಿ," ಎಂದಳು. "ನಿಮ್ಮ ಮಾವನ ತಮ್ಮನ ಮದುವಿ. ಹೊಳಿ ಇತ್ತು, ಮೊಣಕಾಲುದ್ದ. ಅದು ಖರೇ. ಆಮ್ಯಾಲೆ ಕೊಟ್ಟೂರೇಶಂದು. ಅದೂ ಖರೇ, ಆ ವರ್ಷ ಮಳಿ ಮೊದಲೇ ಹಿಡೀತು. ಆಮ್ಯಾಲೆ ನಾಕು ಮದುವಿ, ನಾಕೂ ಸೂರಪ್ಪನ ಅಪ್ಪನ ಬಾವಿದು. ಒಂದು ವರ್ಷವಂತೂ ಹೊಳಿಯಾಗೆ ಕಲ್ಲಂಗಡಿ ಹಾಕಿದ್ರು, ಬಳ್ಳಿ ದಾಟಿ ಹೋಗಿದ್ವಿ. ಆಮ್ಯಾಲೆ ಇವಳದು, ಬೋರು."

ಕೃತಿಕಾ ಫೋನಿನಲ್ಲಿ ಬರೆದುಕೊಂಡಳು. ಯಾವ ಸೊಸೆ ಯಾವ ಬಣ್ಣದ ಸೀರೆ ಉಟ್ಟಿದ್ದಳು, ಯಾರ ಕೊಡ ಜಾರಿ ನೆಗ್ಗಿತು, ಹೊಳೆಯಲ್ಲಿ ಏನಿತ್ತು, ಒಂದನ್ನೂ ಮುದುಕಿ ಮರೆತಿರಲಿಲ್ಲ. ದ್ರಾಕ್ಷಾಯಣಮ್ಮನ ವಾರಗಿತ್ತಿ ರೇಖಾಳ ವರ್ಷ ಅಕಾಲದ ಮಳೆ ಬಿದ್ದು ಕಾಲುವೆಯಷ್ಟು ನೀರಿತ್ತು. ಹನ್ನೊಂದರಲ್ಲಿ ಹೊಳೆಯದು ಮೂರು, ಬಾವಿಯದು ನಾಲ್ಕು, ಬೋರಿನದು ನಾಲ್ಕು.

"ಹೆಬ್ಬೆಟ್ಟು ಒತ್ತಬೇಕಾ, ಸಹಿ ಹಾಕಬೇಕಾ?" ಎಂದಳು ನೀಲಕ್ಕ ಕೊನೆಗೆ. "ನಾಕನೇ ಇಯತ್ತೆ ಓದೀನಿ ನಾನು. ಸಹಿ ಬರ್ತತೆ."

*

ಗುರುವಾರ ಬೆಳಿಗ್ಗೆ ಮೂವರೂ ಹೊರಟು ನಿಂತದ್ದು ನೋಡಿ ಬಕ್ಕೇಶಪ್ಪನಿಗೆ ಆಶ್ಚರ್ಯವಾಯಿತು. ಅವ್ವನನ್ನು ಯಾಕೆ ಕರೆತರುತ್ತಿದ್ದೀರಿ ಎಂದು ಕೇಳಿದ. "ನಿನ್ನ ಪುಸ್ತಕ ತಿದ್ದಾಕೆ," ಎಂದಳು ನೀಲಕ್ಕ. ಆತ ನಕ್ಕು ಕಾರಿನ ಬಾಗಿಲು ತೆಗೆದ.

ಹೇಳಬೇಕೆಂದು ದ್ರಾಕ್ಷಾಯಣಮ್ಮ ಹಿಂದಿನ ಸಂಜೆ ಎರಡು ಸಲ ಅವನ ಹತ್ತಿರ ಹೋಗಿ ಬಂದಿದ್ದಳು. ಒಮ್ಮೆ ಆತ ಫೋನಿನಲ್ಲಿದ್ದ, ಇನ್ನೊಮ್ಮೆ ಸುಮ್ಮನೇ ಪುಸ್ತಕದಲ್ಲಿನ ಅಪ್ಪನ ಫೋಟೊ ನೋಡುತ್ತಿದ್ದ. ಎರಡನೇ ಸಲ ಅವಳು ಬಾಗಿಲಿಂದಲೇ ತಿರುಗಿ ಬಂದಳು. ಹೀಗಾಗಿ ಆತ ಅದನ್ನು ಕೇಳಿದ್ದು ನಿಖತ್‌ಳ ಬಾಯಿಂದ. ಕೃತಿಕಾ ಕಳಿಸಿದ್ದ ಟಿಪ್ಪಣಿಯಿಂದ ಟೈಪಾದ ಅಫಿಡವಿಟ್‌ಗಳನ್ನು ಅವಳು ಒಂದೊಂದಾಗಿ ಗಟ್ಟಿಯಾಗಿ ಓದಿದಳು, ಯಾರ ಮುಖವನ್ನೂ ನೋಡದೆ. ಸನ್ ಸಾವಿರದ ಒಂಬೈನೂರ ತೊಂಬತ್ತೆರಡರ ಮೇ ತಿಂಗಳು ಹೊಳೆಯಲ್ಲಿ ಹರಿವು ಇರಲಿಲ್ಲ, ನೀರನ್ನು ಸೂರಪ್ಪ ಎಂಬುವರ ಕೊಳವೆಬಾವಿಯಿಂದ ತುಂಬಿಸಲಾಯಿತು, ಮೆರವಣಿಗೆಯ ಹೆಂಗಸರು ಇದನ್ನು ಮನೆಯ ಗಂಡಸರಿಗೆ ತಿಳಿಸಲಿಲ್ಲ.

ಫ್ಯಾನಿನ ಗಾಳಿಗೆ ಕಾಗದ ಹಾರದಂತೆ ಅರಿಶಿನ ರಟ್ಟಿನ ಪುಸ್ತಕವನ್ನೇ ಅದರ ಮೇಲೆ ಇಟ್ಟಿದ್ದರು.

"ನಮ್ಮದೂ?" ಎಂದ ಬಕ್ಕೇಶಪ್ಪ. ತೊಂಬತ್ತೆರಡು ಎಂದರೆ ತನ್ನದೇ ಎಂದು ಗೊತ್ತಿದ್ದೂ ಕೇಳಿದ.

"ನಮ್ಮದೂ," ಎಂದಳು ದ್ರಾಕ್ಷಾಯಣಮ್ಮ.

ಆತ ಗೋಡೆಯ ಕ್ಯಾಲೆಂಡರ್ ನೋಡಿದ. ಆಮೇಲೆ ನಿಖತ್ ಕಡೆ ತಿರುಗಿದ. "ಮೊದಲನೇ ಅರ್ಜಿದಾರ ನಾನು. ನನ್ನ ಪುಸ್ತಕ ಸುಳ್ಳು ಅಂತ ನನ್ನ ಅವ್ವ, ನನ್ನ ಹೆಂಡ್ತಿ, ನನ್ನ ಸೊಸಿ ಪ್ರಮಾಣ ಮಾಡ್ತಾರೆ. ನಾನೇನು ಮಾಡ್ಬೇಕು, ವಕೀಲ್ರೇ?"

"ನೀವೂ ಒಂದು ಕೊಡ್ಬೇಕು, ಕಾಕಾ. ಇಲ್ಲಾಂದ್ರೆ ಕೇಸು ನಿಲ್ಲಲ್ಲ." ನಿಖತ್ ಒಂದು ಹಾಳೆ ಮುಂದಿಟ್ಟಳು. "ನಾನು ಹೊಳೆಗೆ ಹೋಗಿರಲಿಲ್ಲ. ನೋಡದೆ ಬರೆದೆ. ನನಗೆ ಗೊತ್ತಿರಲಿಲ್ಲ. ಮೂರು ಸಾಲು. ಅವರು ಕೇಳ್ತಾರೆ, ಕೇಸಿಗೋಸ್ಕರ ಈಗ ಹುಟ್ಟಿದ ಮಾತಲ್ವಾ ಇದು ಅಂತ. ಕೇಳ್ಲಿ. ಸೂರಪ್ಪನ ಹೆಂಡ್ತಿದೂ ತಗೋಳಾಣ. ಆಮೇಲೆ ನ್ಯಾಯಮಂಡಳಿಗೆ ಬಿಟ್ಟಿದ್ದು."

ಮೂರು ಸಾಲನ್ನು ಆತ ಮೂರು ಸಲ ಓದಿದ. ಮನೆತನದ ವಿಚಾರ ಯಾರು ಏನು ಕೇಳಿದರೂ ತಡವರಿಸದೆ ಹೇಳುತ್ತಿದ್ದ ಮನುಷ್ಯ. ಮದುವೆಯಾಗಿ ಮೂವತ್ತಮೂರು ವರ್ಷದಲ್ಲಿ ತನಗೆ ಗೊತ್ತಿಲ್ಲ ಎಂದು ಆತ ಹೇಳಿದ್ದನ್ನು ದ್ರಾಕ್ಷಾಯಣಮ್ಮ ಕೇಳಿದ್ದೇ ಇಲ್ಲ. ಅವಳಿಗೆ ಒಂದು ಗಳಿಗೆ ಆ ಹಾಳೆಯನ್ನು ಎತ್ತಿ ಚೀಲಕ್ಕೆ ಹಾಕಿಕೊಳ್ಳೋಣ ಅನ್ನಿಸಿತು. ಆತ ಪೆನ್ನು ತೆಗೆದು ಸಹಿ ಹಾಕಿದ. ಪುಸ್ತಕ ಕೊಡುವಾಗ ಹಾಕುವ ಉದ್ದನೆಯ ಸಹಿಯಲ್ಲ, ಬ್ಯಾಂಕಿನಲ್ಲಿ ಹಾಕುವ ಚಿಕ್ಕದು.

ಆಮೇಲೆ ನೀಲಕ್ಕ ಹಾಕಿದಳು, ಒಂದೊಂದೇ ಅಕ್ಷರ ಕೂರಿಸಿ. ಕೃತಿಕಾ ಹಾಕಿದಳು. ಕೊನೆಗೆ ದ್ರಾಕ್ಷಾಯಣಮ್ಮ. ಪೆನ್ನು ಇನ್ನೂ ಬೆಚ್ಚಗಿತ್ತು.

ವಾಪಸು ಹೋಗಲು ನಾಲ್ವರೂ ಕಾರು ಹತ್ತಿದರು. ಸಿಗ್ನಲ್ಲಿನಲ್ಲಿ ನಿಂತಾಗ ಬಕ್ಕೇಶಪ್ಪ ಮುಂದೆ ನೋಡುತ್ತಲೇ ಕೇಳಿದ. "ನನಗೆ ಗೊತ್ತಿಲ್ದಿದ್ದು ಇನ್ನೂ ಏನಾದ್ರೂ ಐತಾ?"

ದ್ರಾಕ್ಷಾಯಣಮ್ಮ ಆಸ್ಪತ್ರೆಯ ಆ ಮಂಚವನ್ನು ನೆನೆದಳು. ಅವತ್ತು ಆತ ಹೊರಗಿನ ಬೆಂಚಿನ ಮೇಲೆ ಕೂತು ಅತ್ತಿದ್ದನ್ನೂ ನೆನೆದಳು.

"ಐತೆ," ಎಂದಳು. "ಹರಿಹರದ ಹೊಳೆ ಸೇತುವೆ ತನಕ ಕರ್ಕಂಡು ಹೋದ್ರೆ ಹೇಳ್ತೀನಿ."

"ನನ್ನೂ ಈ ಹುಡುಗಿನೂ ಮೊದಲು ಮನಿಗೆ ಬಿಡು," ಎಂದಳು ನೀಲಕ್ಕ ಹಿಂದಿನ ಸೀಟಿನಿಂದ. "ಬ್ಯಾಳಿ ಅರ್ಧಕ್ಕೇ ಬಿಟ್ಟು ಬಂದೀನಿ."

ಅವರಿಬ್ಬರನ್ನು ಮನೆಯ ಬಾಗಿಲಲ್ಲಿ ಇಳಿಸಿ, ಬಕ್ಕೇಶಪ್ಪ ಕಾರನ್ನು ಹರಿಹರದ ಕಡೆ ತಿರುಗಿಸಿದ.