ಬೇರೆ ತಟ್ಟೆ

ಅಕ್ಕನ ಹೆಣ್ಣುಮಕ್ಕಳಿಬ್ಬರು ಆಗಸ್ಟ್ ರಜೆ ಕಳೆಯಲು ತಾಮ್ರದ ಗಣಿಯೂರು ಕಿಟ್ವೆಯ ನಮ್ಮ ಮನೆಗೆ ಬಂದರು. ದೊಡ್ಡವಳು ಕಸುಬಾಗೆ ಹನ್ನೊಂದು ವರ್ಷ, ಚಿಕ್ಕವಳು ಮುತಾಲೆಗೆ ಆರು. ಊರಲ್ಲಿ ಅವರನ್ನು ಸಾಕುತ್ತಿದ್ದ ಅಜ್ಜಿ ಕೊಟ್ಟ ಶೇಂಗಾದ ಗಂಟನ್ನು ಕಸುಬಾ ತಲೆಯಿಂದ ಇಳಿಸಿದಳು. ಇಬ್ಬರೂ ಬಾಗಿಲಲ್ಲೇ ಮಂಡಿಯೂರಿ, ಮೆಲ್ಲಗೆ ಕೈ ತಟ್ಟಿ, "ಅಮ್ಮಾ, ಬಂದ್ವಿ" ಎಂದರು. ನಮ್ಮಲ್ಲಿ ತಾಯಿಯ ತಂಗಿ ಎಂದರೆ ತಾಯಿಯೇ. ಅಕ್ಕನನ್ನು ಮಣ್ಣು ಮಾಡಿದ ದಿನ ಊರವರೆದುರು ನಾನೇ ಹೇಳಿದ್ದೆ: ಈ ಮಕ್ಕಳಿಗೆ ತಾಯಿ ಸತ್ತಿಲ್ಲ, ನಾನಿದ್ದೇನೆ.

ಹೇಳುವುದಕ್ಕೇನು, ನಾಲಿಗೆಗೆ ಬಾಡಿಗೆಯೇ? ಗಂಡನ ಗಣಿ ಕೆಲಸ ಹೋಗಿತ್ತು. ನಾನು ಸಂತೆಯಲ್ಲಿ ಟೊಮೆಟೊ ಮಾರಿದ್ದರಲ್ಲೇ ಮನೆ ನಡೆಯಬೇಕು. ಐವರಿಗೆ ತಿಂಗಳು ಬರುತ್ತಿದ್ದ ಜೋಳದ ಹಿಟ್ಟಿನ ಚೀಲ ಎರಡನೇ ವಾರಕ್ಕೇ ಸೊರಗಿತು.

ನಮ್ಮ ಬೀದಿಯಲ್ಲಿ ಹೆಂಗಸರನ್ನು ಹಿರಿಮಗುವಿನ ಹೆಸರು ಹಿಡಿದೇ ಕೂಗುತ್ತಾರೆ. ಪಕ್ಕದ ಮನೆಯವಳು ಬೇಲಿಯಾಚೆಯಿಂದ ಕೆಣಕಿದಳು.

"ಏನ್ ಬ್ವಾಲ್ಯಾನ ಅಮ್ಮ, ಹಾಸ್ಟೆಲ್ ಶುರು ಮಾಡಿದ್ಯಾ?"

"ನಿನ್ ಮನೆ ಹಿಟ್ಟೇನೂ ಕೇಳಿಲ್ವಲ್ಲ, ಹೋಗೇ!" ಎಂದೆ. ಮಾತು ಮಾತ್ರ ಮುಳ್ಳಾಗಿ ಉಳಿಯಿತು.

ಮಕ್ಕಳೆಲ್ಲ ಒಂದೇ ದೊಡ್ಡ ತಟ್ಟೆಯ ಸುತ್ತ ಕೂತು ಮುದ್ದೆ ಮುರಿದು ತಿನ್ನುವುದು ನಮ್ಮ ಪದ್ಧತಿ. ನನ್ನ ಮೂವರು ಗಂಡುಮಕ್ಕಳು ಹದ್ದಿನಂತೆ ಎರಗುತ್ತಿದ್ದರು. ಮುತಾಲೆ ಒಂದು ತುತ್ತು ಉಂಡೆ ಕಟ್ಟುವಷ್ಟರಲ್ಲಿ ತಟ್ಟೆ ಬರಿದು. ಆ ಸಂಜೆ ನಾನು ಹುಡುಗಿಯರಿಗೆ ಎರಡು ಸಣ್ಣ ತಟ್ಟೆ ಬೇರೆ ಇಟ್ಟೆ. ಚಿಕ್ಕದರ ಹೊಟ್ಟೆ ತುಂಬಲಿ ಎಂದೇ ಇಟ್ಟೆ. ಅದು ಅರ್ಧ ಸತ್ಯ. ಬೇರೆ ಬಡಿಸಿದರೆ ಅಳೆದು ಬಡಿಸಬಹುದಲ್ಲ, ಅದು ಉಳಿದರ್ಧ.

ಕಸುಬಾ ತಟ್ಟೆ ಮುಟ್ಟಲಿಲ್ಲ. "ಅಮ್ಮಾ, ನಾವೇನಾದ್ರೂ ತಪ್ಪು ಮಾಡಿದ್ವಾ?"

"ತಪ್ಪೇನು ಬಂತು? ನೀವು ನೆಂಟರು ಕಣೇ, ನೆಂಟರಿಗೆ ಮರ್ಯಾದೆ ಬೇಡ್ವಾ?" ಎಂದು ನಕ್ಕೆ.

ಮುತಾಲೆ ಕಸುಬಾಳ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಕೇಳಿದಳು: "ನಮಗೂ ಅಮ್ಮನ ಕಾಯಿಲೆ ಬಂತಾ?"

ಆಗ ನೆನಪಾಯಿತು. ಅಕ್ಕನ ಕೊನೆಯ ತಿಂಗಳುಗಳಲ್ಲಿ ಅವಳ ಗಂಡನ ಮನೆಯವರು ಅವಳಿಗೆ ಬೇರೆ ತಟ್ಟೆ, ಬೇರೆ ಲೋಟ ಮಾಡಿದ್ದರು. ಸುದ್ದಿ ಕೇಳಿ ಅವರನ್ನು ಶಪಿಸಿದವಳು ನಾನೇ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುದಿನ ದೊಡ್ಡ ತಟ್ಟೆ ತಂದು, ಗಂಡುಮಕ್ಕಳ ಕಿವಿ ಹಿಂಡಿ ದೂರ ಕೂರಿಸಿ, ಎಲ್ಲರಿಗಿಂತ ಮೊದಲು ಹುಡುಗಿಯರನ್ನು ಕರೆದೆ. ಬಂದು ಕೂತರು. ಎರಡೆರಡು ತುತ್ತು ತಿಂದು, ಕೈ ತಟ್ಟಿ, "ಹೊಟ್ಟೆ ತುಂಬ್ತು" ಎಂದರು. ಊರಲ್ಲಿ ಪರರ ಮನೆಗೆ ಹೋದ ಮಕ್ಕಳಿಗೆ ಹಾಗೆ ಹೇಳಲು ಕಲಿಸುತ್ತಾರೆ.

"ಇನ್ನೊಂಚೂರು ತಿನ್ನೇ, ನನ್ನವ್ವ," ಎಂದು ಮುತಾಲೆಯ ಬಾಯಿಗೆ ತುತ್ತು ಹಿಡಿದೆ. ಅವಳು ತುತ್ತನ್ನೇ ನೋಡುತ್ತಿದ್ದಳು. ಕಸುಬಾ ಕಣ್ಣಲ್ಲೇ ಗದರಿದಳು. ಮಗು ಬಾಯಿ ಬಿಗಿದುಕೊಂಡಿತು. ಹಾಗೆ ನಾಲ್ಕು ದಿನ ನಡೆಯಿತು.

ಶನಿವಾರ ಬೆಳಗ್ಗೆ ನಾನು ಸಂತೆಗೆ ಹೊರಡುವ ಮೊದಲೇ ಕಸುಬಾ ಬಟ್ಟೆಯ ಗಂಟು ಕಟ್ಟಿದ್ದಳು. "ಅಜ್ಜಿಗೆ ನೀರು ತರೋರಿಲ್ಲ," ಎಂದಳು. ರಜೆ ಮುಗಿಯಲು ಇನ್ನೂ ಎರಡು ವಾರ ಬಾಕಿ ಇತ್ತು. ತಡೆಯಬೇಕಿತ್ತು. ಆದರೆ ಚೀಲದ ನೆನಪಾಗಿ ನನ್ನ ಒಳಗೆ ಏನೋ ಹಗುರಾಯಿತು. ಆ ಹಗುರವನ್ನು ನಾನು ಸಾಯುವವರೆಗೂ ಕ್ಷಮಿಸಿಕೊಳ್ಳಲಾರೆ.

ಬರಿಗೈಲಿ ಕಳಿಸಬಾರದೆಂದು ಉಳಿದ ಹಿಟ್ಟಿನಲ್ಲಿ ಅರ್ಧ ಕಟ್ಟಿಕೊಟ್ಟೆ. ಊರಿಗೆ ಹೊರಟಿದ್ದ ಲಾರಿಯ ಪಕ್ಕದ ಧೂಳಿನಲ್ಲಿ ಕಸುಬಾ ಮಂಡಿಯೂರಿ, ಎರಡೂ ಕೈಯಲ್ಲಿ ಅದನ್ನು ತಗೊಂಡಳು. ತಂಗಿಯನ್ನೂ ಪಕ್ಕಕ್ಕೆ ಎಳೆದು ಕೂರಿಸಿದಳು.

"ತುಂಬಾ ಉಪಕಾರ ಆಯ್ತು, ಬ್ವಾಲ್ಯಾನ ಅಮ್ಮ," ಎಂದಳು.