ಅತ್ತೆ ಹತ್ತಿದ ಲಿಫ್ಟು

“ಏ ಮುದುಕೀ, ನೀನು ನಾಲ್ಕನೇ ಮಹಡಿ ಮುಟ್ಟೋದ್ರೊಳಗೆ ಬಕೆಟ್ ನೀರೇ ಒಣಗಿಹೋಗತ್ತೆ! ನಾಳೆನೂ ಹಿಂಗೇ ಕುಂಟಿದ್ರೆ ಮನೇಲೇ ಬಿದ್ದಿರು. ಬೇರೆಯೋಳು ಬರ್ತಾಳೆ.”

ಕೆಳಗಿನಿಂದ ಬೊಗಳಿದವನು ನಮ್ಮ ಸೂಪರ್‌ವೈಸರ್. ಮೆಟ್ಟಿಲ ಮೇಲೆ ಮಂಡಿ ಹಿಡಿದು ನಿಂತವಳು ನನ್ನ ಅತ್ತೆ. ಮನೆಯಲ್ಲಿ ನಾವಿಬ್ಬರೂ ಹಾವು ಮುಂಗುಸಿ, ನಿಜ. ಆದರೆ ನನ್ನ ಅತ್ತೆಯನ್ನು ಬೈಯುವ ಹಕ್ಕು ನನ್ನದು, ಅವನಪ್ಪನದಲ್ಲ. ಮೈಯೆಲ್ಲ ಉರಿದುಹೋಯಿತು.

ಈ ಭಾಗ್ಯವೆಲ್ಲ ಪ್ರೊಫೆಸರ್ ಸಾಹೇಬರ ಕೃಪೆ. ಭೂಮಿ ಬಿಸಿಯಾಗುತ್ತಿದೆಯಂತೆ, ಕರೆಂಟು ಕಡಿಮೆ ಉರಿಸಿ ಜನ ಸುಖವಾಗಿರುವುದು ಹೇಗೆ ಎಂಬುದೇ ಅವರ ಸಂಶೋಧನೆ. ಮೊದಲ ಪ್ರಯೋಗ ಕಾಲೇಜಿನ ಲಿಫ್ಟಿನ ಮೇಲೆ. ಕಾರ್ಡು ತೋರಿಸಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಕಾರ್ಡು ಮೇಷ್ಟ್ರುಗಳಿಗೆ, ಮೆಟ್ಟಿಲು ಕಸ ಗುಡಿಸುವ ನಮಗೆ. ವಾರಕ್ಕೊಮ್ಮೆ ಪ್ರೊಫೆಸರೇ ಬಂದು ನಗುನಗುತ್ತಾ ವಿಚಾರಿಸುತ್ತಾರೆ.

“ಮೆಟ್ಟಿಲು ಹತ್ತಿದಾಗ ಹೇಗನ್ನಿಸ್ತಮ್ಮ? ಖುಷೀನಾ, ತುಂಬಾ ಖುಷೀನಾ?”

“ಮೂರನೇದು ಇಲ್ವಾ ಸಾರ್?” ಎಂದೆ ನಾನು.

“ಇಲ್ಲಮ್ಮ. ನೀವು ಕರೆಂಟಿನ ಹಂಗಿಲ್ದೇ ಬದುಕೋರು. ಲೋಕಕ್ಕೇ ಗುರುಗಳು ನೀವು.”

“ಗುರುಗಳಿಗೆ ಮಂಡಿ ನೋವು ಸಾರ್,” ಎಂದಳು ಅತ್ತೆ.

ಅವರು ಹ್ಹೆಹ್ಹೆ ಎಂದು ನಕ್ಕು ಲಿಫ್ಟಿನೊಳಗೆ ಹೋದರು.

ಸೂಪರ್‌ವೈಸರ್ ಬೈದ ಮರುದಿನವೇ ಈ ಪ್ರಯೋಗ ನೋಡಲು ದೊಡ್ಡ ದೊಡ್ಡ ಅತಿಥಿಗಳು ಬಂದರು. ಪ್ರೊಫೆಸರ್ ಕಾರ್ಡು ತೋರಿಸಿದರು, ಬಾಗಿಲು ತೆರೆಯಿತು. ಯಾರೂ ಕಾಲಿಡುವ ಮುಂಚೆ ಅತ್ತೆ ಬಕೆಟ್ ಸಮೇತ ನುಗ್ಗಿ, ಬಾಗಿಲಿನಾಚೆಗೆ ಕಾಲು ನೀಡಿ ನೆಲದ ಮೇಲೆ ಕೂತೇಬಿಟ್ಟಳು.

“ಏಳೇ ಗೂಬೆ! ನಿನ್ ಕೆಲಸ ಹೋಯ್ತು ಅಂತ ತಿಳ್ಕೋ!” ಸೂಪರ್‌ವೈಸರ್ ಓಡಿಬಂದ.

“ಮೆಟ್ಟಿಲು ಹತ್ತಕ್ಕಾಗದಿದ್ರೂ ಹೋಗತ್ತೆ, ಇಲ್ಲಿ ಕೂತ್ರೂ ಹೋಗತ್ತೆ. ಕೂತಾದ್ರೂ ಹೋಗ್ಲಿ ಬಿಡೋ ಮುಂಡೇದೇ!”

ಅತಿಥಿಯೊಬ್ಬಳು ಕಿಸಕ್ಕನೆ ನಕ್ಕಳು. ಪ್ರೊಫೆಸರ್ ಮುಖ ಹುಳ್ಳಗಾಯಿತು.

“ಅಮ್ಮಾ, ಬಂದೋರ ಮುಂದೆ ಇದೇನಮ್ಮ?”

ಅತ್ತೆ ಸೀರೆ ಮೇಲಕ್ಕೆಳೆದು ಊದಿದ ಮಂಡಿ ತೋರಿಸಿದಳು. “ಬಂದೋರೂ ನೋಡ್ಲಿ ಸಾರ್. ಮುಟ್ಟಿ ನೋಡ್ಲಿ.”

ಯಾರೂ ಮುಟ್ಟಲಿಲ್ಲ. ನನಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಇಬ್ಬರ ಕೂಳಿಗೂ ಕಲ್ಲು ಬಿತ್ತು ಎಂದು ಗೊತ್ತಿದ್ದೂ, “ಜರುಗು ಅತ್ತೆ,” ಎಂದು ಪಕ್ಕದಲ್ಲಿ ಕೂತೆ.

“ದಪ್ಪಗಿದ್ದೀಯ, ಅತ್ಲಾಗೆ ಕೂರೇ,” ಎಂದಳು ಅತ್ತೆ.

ಬಾಗಿಲು ಮುಚ್ಚಲು ಬಂತು. ಅವಳ ಪಾದಕ್ಕೆ ಬಡಿದು ಹಿಂದೆ ಸರಿಯಿತು. ಮತ್ತೆ ಬಂತು, ಮತ್ತೆ ಬಡಿಯಿತು. ಅತ್ತೆ ಕಾಲು ತೆಗೆಯಲಿಲ್ಲ.